ಅಷ್ಟೇನು ಅವಸರ, ಸ್ವಾಮಿ?

ಮನೆಸಾಲವನ್ನು ಅವಧಿಗೆ ಮೊದಲೇ ತೀರಿಸಲು ಟೊಂಕ ಕಟ್ಟಿ ನಿಂತಿರುವ ಕೆಂಗೇರಿ, ಕುವೆಂಪುನಗರ, ವಿದ್ಯಾನಗರ ಮೊದಲಾದ ಬಡಾವಣೆಗಳ ಸಮಸ್ತ ದಂಪತಿಗಳಿಗೆ, ಮನೆಸಾಲದ ಬಡ್ಡಿಯಾದ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಉಭಯಕುಶಲೋಪರಿ ಸಾಂಪ್ರತ. ನೀವು ಕ್ಷೇಮವೆಂದು ನಿಮ್ಮ ಪಾಸ್‌ಬುಕ್ಕಿನಿಂದ ತಿಳಿಯಿತು. ನಾನು ಕ್ಷೇಮವಾಗಿಲ್ಲ. ಕಾರಣವೂ ಅದೇ ಪಾಸ್‌ಬುಕ್ಕು.

ನಮ್ಮ ಮೊದಲ ಭೇಟಿ ನಡೆದದ್ದು ಸಾಲದ ಮಂಜೂರಾತಿ ಪತ್ರದಲ್ಲಿ. ಆ ದಿನ ನೀವು ನನ್ನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. 'ಇಲ್ಲೊಂದು ಸೈನ್, ಇಲ್ಲೊಂದು, ಇಲ್ಲಿ ಮೇಡಮ್ಮದು' ಎಂದು ಬೆರಳಿಟ್ಟ ಕಡೆಯಲ್ಲೆಲ್ಲ ರುಜು ಹಾಕುತ್ತ ಹೋದಿರಿ. ಮನಸ್ಸೆಲ್ಲ ಗೃಹಪ್ರವೇಶದ ಅಡುಗೆಭಟ್ಟರ ಮೇಲಿತ್ತು. ಐವತ್ತು ಲಕ್ಷ ಸಾಲ, ಇಪ್ಪತ್ತು ವರ್ಷ, ಎಂಟೂವರೆ ಪರ್ಸೆಂಟು, ತಿಂಗಳಿಗೆ 43,391 ರೂಪಾಯಿ ಕಂತು. ಎಷ್ಟು ಚೆಂದದ ಸಂಬಂಧ! ಐವತ್ತು ಲಕ್ಷದ ಅಸಲು ನಿಮ್ಮ ಮನೆಗೆ ಬಂತು, ಅದರ ಬೆನ್ನಿಗೆ ಐವತ್ನಾಲ್ಕು ಲಕ್ಷದ ನಾನು ಬಂದೆ. ಸೊಸೆಗಿಂತ ಸೊಸೆಯ ತವರಿನವರೇ ಹೆಚ್ಚು ದಿನ ಉಳಿದ ಹಾಗೆ ಎಂದು ನಿಮ್ಮ ಮಾವನವರು ಅಂದರಂತೆ. ಅದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಬಾಗಿಲ ಪಕ್ಕದ ಗ್ರಾನೈಟಿನಲ್ಲಿ 'ಮಾತೃಕೃಪಾ' ಎಂದು ಕೆತ್ತಿಸಿದಿರಿ. ತಾಯಿಯ ಕೃಪೆಗೆ ನಾನೇಕೆ ಅಡ್ಡಬರಲಿ? ಆದರೆ ಮೂಲ ಕ್ರಯಪತ್ರ ಯಾರ ಕಪಾಟಿನಲ್ಲಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೆ 'ಬ್ಯಾಂಕ್‌ಕೃಪಾ' ಎಂದು ಕೆತ್ತಿಸುವ ಸೌಜನ್ಯವನ್ನಾದರೂ ತೋರಿಸುತ್ತಿದ್ದಿರಿ.

ಇರಲಿ. ನಿಮ್ಮ ಮೊದಲ ಕಂತಿನಲ್ಲಿ 35,417 ರೂಪಾಯಿ ನನಗೆ ಸಂದಿತು. ಅಸಲಿನ ಪಾಲಿಗೆ ಹೋದದ್ದು 7,974. ಯಾವ ತಕರಾರೂ ಇಲ್ಲದೆ ಇದೇ ರೀತಿ ನಡೆದುಕೊಂಡು ಹೋದರೆ, ಹತ್ತು ವರ್ಷ ಮುಗಿಯುವ ಹೊತ್ತಿಗೆ ನೀವು 52 ಲಕ್ಷ ಕಟ್ಟಿರುತ್ತೀರಿ, ಸಾಲ ಇನ್ನೂ 35 ಲಕ್ಷ ಬಾಕಿ ಇರುತ್ತದೆ. ಅರ್ಧ ದಾರಿ ಬಂದೆವು ಎಂದುಕೊಂಡವರು ಆ ದಿನ ಸ್ಟೇಟ್‌ಮೆಂಟ್ ನೋಡಿ ನೀರು ಕೇಳುತ್ತಾರೆ. ಕಂತಿನಲ್ಲಿ ಅಸಲಿನ ಪಾಲು ನನ್ನ ಪಾಲನ್ನು ದಾಟುವುದೇ ಹನ್ನೆರಡನೇ ವರ್ಷದ ಕೊನೆಗೆ. ಇದರಲ್ಲಿ ಮೋಸವೇನೂ ಇಲ್ಲ. ಉಳಿದ ಸಾಲದ ಮೇಲೆ ಬಡ್ಡಿ, ಬಡ್ಡಿ ಹೋಗಿ ಮಿಕ್ಕಿದ್ದು ಅಸಲಿಗೆ. ಹೈಸ್ಕೂಲಿನ ಗಣಿತ. ಹೈಸ್ಕೂಲಿನ ಗಣಿತವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ನನ್ನ ಸಂಸಾರ ನಡೆದಿದೆ.

ಆ ನಂಬಿಕೆಗೆ ಕಲ್ಲು ಹಾಕಿದ್ದು ನಿಮ್ಮ ಮನೆಯಾಕೆ.

ನನಗೆ ದೊಡ್ಡ ಸಂಬಳದವರ ಭಯವಿಲ್ಲ ಎಂಬುದನ್ನು ಇಲ್ಲಿ ಬಹಿರಂಗವಾಗಿಯೇ ಹೇಳುತ್ತೇನೆ. ಸಂಬಳ ಏರಿದರೆ ಕಾರು ಏರುತ್ತದೆ, ಶಾಲೆಯ ಫೀಸು ಏರುತ್ತದೆ, ಥಾಯ್ಲೆಂಡಿನ ಪ್ಯಾಕೇಜು ಬರುತ್ತದೆ. ನನ್ನ ಗಂಟಿಗೆ ಕೈ ಬರುವುದಿಲ್ಲ. ನನಗೆ ನಡುಕ ಹುಟ್ಟಿಸುವುದು ಹಳೇ ಡೈರಿಯ ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಲೆಕ್ಕ ಬರೆಯುವ ಹೆಂಗಸರು. 'ರೀ, ಈ ಸಲ ಬೋನಸ್ಸಿಗೆ ಸೋಫಾ ಬೇಡ. ಚೀಟಿ ದುಡ್ಡೂ ಬರುತ್ತಲ್ಲ, ಎರಡೂ ಸೇರಿಸಿ ಸಾಲಕ್ಕೆ ಕಟ್ಟಿಬಿಡೋಣ' ಎಂಬ ಮಾತು ಕಿವಿಗೆ ಬಿದ್ದ ದಿನ ನನಗೆ ರಾತ್ರಿಯಿಡೀ ನಿದ್ದೆಯಿಲ್ಲ. 2024ರ ಆಗಸ್ಟಿನಿಂದ ರಾಜ್ಯ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗದ ಸಂಬಳ ಬಂದಾಗ ಎಷ್ಟೋ ಮನೆಗಳಲ್ಲಿ ಹೊಸ ಫ್ರಿಜ್ಜು ಬಂದು ನಾನು ನಿಟ್ಟುಸಿರು ಬಿಟ್ಟೆ. ನಿಮ್ಮ ಮನೆಯಲ್ಲಿ ಹಳೇ ಫ್ರಿಜ್ಜಿಗೆ ಹೊಸ ರಬ್ಬರ್ ಹಾಕಿಸಿದರು.

ಮೊದಲ ವರ್ಷ ಮುಗಿದೊಡನೆ ನೀವು ಹೆಚ್ಚುವರಿಯಾಗಿ ಕಟ್ಟಿದ ಒಂದು ಲಕ್ಷ ಏನು ಮಾಡಿತು ಗೊತ್ತೇ? ಸಾಲದ ಬಾಲದಲ್ಲಿದ್ದ ಹನ್ನೊಂದು ಕಂತುಗಳನ್ನು ಕತ್ತರಿಸಿಹಾಕಿತು. ಹನ್ನೊಂದು! ಸುಮಾರು 4.8 ಲಕ್ಷ ರೂಪಾಯಿ. ಇದೇ ಲಕ್ಷವನ್ನು ಹದಿನೈದನೇ ವರ್ಷದಲ್ಲಿ ಕಟ್ಟಿದ್ದರೆ ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಆಗ ನಾನು ಉಂಡು ಕೈತೊಳೆದಿರುತ್ತಿದ್ದೆ. ಅಷ್ಟಕ್ಕೇ ನಿಲ್ಲಿಸದೆ ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟುವ ವ್ರತವನ್ನೂ ಹಿಡಿದಿದ್ದೀರಂತೆ. ಹನ್ನೆರಡರ ಬದಲು ಹದಿಮೂರು. ಅದೊಂದರಿಂದಲೇ ಇಪ್ಪತ್ತು ವರ್ಷದ ಸಾಲ ಹದಿನೇಳರೊಳಗೆ ಮುಗಿಯುತ್ತದೆ, ನನ್ನ ಪಾಲಿನ ಹತ್ತು ಲಕ್ಷ ಕೈಬಿಡುತ್ತದೆ. ಹದಿಮೂರು ಅಪಶಕುನ ಎಂದು ಯಾರೂ ನಿಮಗೆ ಹೇಳಲಿಲ್ಲವೇ?

ನಿಮ್ಮನ್ನು ತಡೆಯಲು ನನ್ನ ಕಡೆಯವರು ಶಕ್ತಿಮೀರಿ ದುಡಿದಿದ್ದಾರೆ. ಚೆಕ್ಕು ಹಿಡಿದು ಶಾಖೆಗೆ ಹೋದಾಗ ಮೊದಲು ಕೇಳಿದ ಪ್ರಶ್ನೆ, 'ಯಾಕ್ ಸಾರ್ ಕಟ್ತೀರಾ? ಹೌಸಿಂಗ್ ಲೋನ್‌ಗಿಂತ ಅಗ್ಗದ ಲೋನ್ ಎಲ್ಲಿದೆ? ಆ ದುಡ್ಡು ಎಫ್‌ಡಿ ಇಡಿ.' ಒಂದು ಕೌಂಟರಿನಲ್ಲಿ ಆರೂವರೆಗೆ ಎಫ್‌ಡಿ ಇಟ್ಟು, ಅದರ ಮೇಲೆ ತೆರಿಗೆಯನ್ನೂ ಕೊಟ್ಟು, ಪಕ್ಕದ ಕೌಂಟರಿನಲ್ಲಿ ನನಗೆ ಎಂಟೂವರೆ ತೆರುವುದು ಎಷ್ಟು ಸಭ್ಯ ವ್ಯವಹಾರ! ಅದಕ್ಕೂ ನೀವು ಜಗ್ಗದಿದ್ದಾಗ ಕೊನೆಯ ಬಾಣ ಬಿಟ್ಟರು: 'ಸರಿ ಸಾರ್, ಹಾಗಾದರೆ ಕಂತು ಇಳಿಸಿಕೊಡ್ತೀವಿ.' ಅಲ್ಲಿ ಒಪ್ಪಿಕೊಂಡುಬಿಟ್ಟಿದ್ದರೆ ನಿಮ್ಮ ಲಕ್ಷಕ್ಕೆ ತಿಂಗಳಿಗೆ 885 ರೂಪಾಯಿ ಇಳಿದು, ಅದು ಒಂದು ಭಾನುವಾರದ ಹೋಟೆಲ್ ಬಿಲ್ಲಿನಲ್ಲಿ ಕರಗಿ, ನಾನು ಪೂರ್ತಿ ಇಪ್ಪತ್ತು ವರ್ಷ ನಿಮ್ಮಲ್ಲೇ ಉಳಿಯುತ್ತಿದ್ದೆ. ಆದರೆ ನಿಮ್ಮಾಕೆ, 'ಕಂತು ಇದ್ದಷ್ಟೇ ಇರಲಿ, ಅವಧಿ ಇಳಿಸಿ, ಬರೆದುಕೊಡಿ' ಎಂದರು. ಬರೆದುಕೊಡಿ ಎಂಬ ಆ ಒಂದು ಪದಕ್ಕೆ ಇಡೀ ಶಾಖೆ ತಲೆಯೆತ್ತಿ ನೋಡಿತು. ಮೇಲಾಗಿ, ಹಣ ಮುಂಗಡ ಕಂತಾಗಿ ಕೂತಿದೆಯೋ ಅಸಲಿಗೇ ಇಳಿದಿದೆಯೋ ಎಂದು ಮಾರನೆಯ ವಾರ ಸ್ಟೇಟ್‌ಮೆಂಟ್ ತರಿಸಿ ನೋಡಿದರಂತೆ. ಇಷ್ಟು ಅಪನಂಬಿಕೆ ಒಳ್ಳೆಯದಲ್ಲ.

ಮೊದಲೆಲ್ಲ ಇಂಥವರಿಗೆ ತಕ್ಕ ಶಾಸ್ತಿ ಇತ್ತು. ಸಾಲ ಬೇಗ ತೀರಿಸುವವರಿಗೆ ದಂಡ! ಕೊಟ್ಟ ಹಣವನ್ನು ಹಿಂದಿರುಗಿಸಿದ ತಪ್ಪಿಗೆ ದಂಡ ಹಾಕುವ ಅಂಥ ಸೊಗಸಾದ ಪದ್ಧತಿ ಬೇರೆ ಯಾವ ವ್ಯಾಪಾರದಲ್ಲಿತ್ತು? 2012ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು, ಬದಲಾಗುವ ಬಡ್ಡಿದರದ ಮನೆಸಾಲಗಳಿಗೆ ಬ್ಯಾಂಕುಗಳು ಆ ದಂಡ ಹಾಕಕೂಡದೆಂದು ಹೇಳಿ ನನ್ನ ಬೇಲಿಯನ್ನು ಕಿತ್ತುಹಾಕಿತು.

ಅದೇ ರಿಸರ್ವ್ ಬ್ಯಾಂಕು ನನ್ನ ಜಾತಕವನ್ನೂ ಮತ್ತೆ ಮತ್ತೆ ತಿದ್ದಿದೆ. 2010ರಲ್ಲಿ ಬೇಸ್ ರೇಟು, 2016ರಲ್ಲಿ ಎಂಸಿಎಲ್‌ಆರ್, 2019ರ ಅಕ್ಟೋಬರಿನಿಂದ ರೆಪೋದಂಥ ಹೊರಗಿನ ದರಕ್ಕೆ ಗಂಟು. ಹಳೆಯ ದಿನಗಳಲ್ಲಿ ಮುಂಬೈಯಲ್ಲಿ ದರ ಏರಿದರೆ ನನಗೆ ಆ ಸಂಜೆಯೇ ತಿಳಿಯುತ್ತಿತ್ತು. ಇಳಿದರೆ ಮಾತ್ರ ಸುದ್ದಿ ಎತ್ತಿನಗಾಡಿಯಲ್ಲಿ ಬರುತ್ತಿತ್ತು. ಈಗ ಎರಡಕ್ಕೂ ಒಂದೇ ವೇಗ. ಕಷ್ಟ.

ಆದರೂ ನನಗೆ ಒಳ್ಳೆಯ ಕಾಲವೇ ಬರಲಿಲ್ಲ ಎಂದರೆ ಕೃತಘ್ನತೆಯಾದೀತು. 2020ರಲ್ಲಿ ಕೊರೋನಾ ಬಂದು ಆರು ತಿಂಗಳು ಕಂತು ಕಟ್ಟದಿದ್ದರೂ ನಡೆಯುತ್ತದೆ ಎಂದಾಗ ಊರೆಲ್ಲ ಬಾಗಿಲು ಹಾಕಿತ್ತು, ನಾನೊಬ್ಬ ಹಗಲಿರುಳು ದುಡಿದೆ. ಆಮೇಲೆ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯವರೆಗೆ ರೆಪೋ ನಾಲ್ಕರಿಂದ ಆರೂವರೆಗೆ ಏರಿತಲ್ಲ, ಅದು ನನ್ನ ನಿಜವಾದ ಸುಗ್ಗಿ. ಒಬ್ಬರ ಲೆಕ್ಕ ಕೇಳಿ. 6.70ರ ದರದಲ್ಲಿ ಇಪ್ಪತ್ತು ವರ್ಷಕ್ಕೆ ಐವತ್ತು ಲಕ್ಷ, ಕಂತು 37,870. ಎರಡು ವರ್ಷ ಕಟ್ಟಿದ ಮೇಲೆ ದರ 9.20 ಆಯಿತು ಎಂದಿಟ್ಟುಕೊಳ್ಳಿ. ಕಂತು ಅಷ್ಟೇ ಇರಲಿ ಎಂದರೆ ಉಳಿದಿದ್ದ ಹದಿನೆಂಟು ವರ್ಷ ಮೂವತ್ತೈದು ವರ್ಷವಾಗುತ್ತದೆ. ನಲವತ್ತರ ಪ್ರಾಯದವನು ಎಪ್ಪತ್ತೈದರವರೆಗೆ ಕಂತು ಕಟ್ಟುವ ಭಾಗ್ಯ! ಬಹಳ ಜನಕ್ಕೆ ಅವಧಿ ಹಿಗ್ಗಿದ ಸಂಗತಿಯೇ ಗೊತ್ತಾಗಲಿಲ್ಲ, ಖಾತೆಯಿಂದ ಕಡಿತವಾಗುತ್ತಿದ್ದದ್ದು ಅದೇ ಹಳೇ ಮೊತ್ತ ತಾನೇ. ಆ ಸುಖವೂ ಹೆಚ್ಚು ದಿನ ಉಳಿಯಲಿಲ್ಲ. ದರ ಏರಿದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಒಂದಿಷ್ಟು ಅಸಲು ಕಟ್ಟಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು 2023ರ ಆಗಸ್ಟಿನಲ್ಲಿ ಸುತ್ತೋಲೆ ಬಂತು. 2025ರ ಮೊದಲ ಆರು ತಿಂಗಳಲ್ಲಿ ರೆಪೋ ಒಂದು ಪರ್ಸೆಂಟು ಇಳಿಯಿತು. ಆಗಲಾದರೂ ಕಂತು ಕಡಿಮೆ ಮಾಡಿಸಿಕೊಂಡು ಆರಾಮವಾಗಿರುತ್ತೀರಿ ಎಂದುಕೊಂಡೆ. ನೀವು ಹಳೇ ಕಂತನ್ನೇ ಕಟ್ಟುತ್ತ ಹೋದಿರಿ, ಇಳಿದ ಬಡ್ಡಿಯೆಲ್ಲ ಸದ್ದಿಲ್ಲದೆ ಅಸಲಿಗೆ ಹೋಯಿತು. ದರದ ಇಳಿಕೆಯನ್ನೂ ಉಳಿತಾಯವಾಗಿ ಮಾಡಿಕೊಳ್ಳುವ ಜನ ನೀವು.

ತೆರಿಗೆ ವಿನಾಯಿತಿಯ ಆಸೆ ತೋರಿಸಿದೆ. ಹಳೇ ಪದ್ಧತಿಯಲ್ಲಿ ನೀವೇ ವಾಸಿಸುವ ಮನೆಯ ಬಡ್ಡಿಗೆ ವರ್ಷಕ್ಕೆ ಎರಡು ಲಕ್ಷದವರೆಗೆ ವಿನಾಯಿತಿಯಿತ್ತು. ನನಗೆ ನೂರು ರೂಪಾಯಿ ಕೊಟ್ಟು ಸರ್ಕಾರದಿಂದ ಮೂವತ್ತು ಉಳಿಸಿದೆನೆಂದು ಎದೆಯುಬ್ಬಿಸಿ ನಡೆದವರು ನಿಮ್ಮ ಆಫೀಸಿನಲ್ಲೇ ಎಷ್ಟು ಜನವಿದ್ದರು! ಹೊಸ ಪದ್ಧತಿಯಲ್ಲಿ ಆ ಮೂವತ್ತೂ ಇಲ್ಲ. ನನ್ನ ಅತ್ಯುತ್ತಮ ವಕೀಲ ತೀರಿಕೊಂಡ ಹಾಗಾಯಿತು.

'ಕಟ್ಟುವ ಬದಲು ಎಸ್‌ಐಪಿ ಮಾಡಿ' ಎನ್ನುವ ನಿಮ್ಮ ಅಳಿಯನ ಮಾತನ್ನಾದರೂ ಕೇಳಬಾರದೇ? ಅವನ ಲೆಕ್ಕ ತಪ್ಪಲ್ಲ. ಹತ್ತಿಪ್ಪತ್ತು ವರ್ಷ ಮಾರುಕಟ್ಟೆ ಬಿದ್ದರೂ ಎದ್ದರೂ ಕೈಹಾಕದೆ ಕೂತವನಿಗೆ ನನಗಿಂತ ಹೆಚ್ಚು ಸಿಕ್ಕರೂ ಸಿಗಬಹುದು. ಅಂಥವರು ನನ್ನ ಆಪ್ತರು, ಅವರೂ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಅವರಿಗಿಂತಲೂ ಆಪ್ತರೆಂದರೆ ಎಸ್‌ಐಪಿಯ ಹೆಸರು ಹೇಳಿ ಪ್ರೀಪೇಮೆಂಟ್ ನಿಲ್ಲಿಸಿ, ಆ ಹಣದಲ್ಲಿ ಫೋನು ಬದಲಾಯಿಸುವವರು. ಅವರ ಸಂಖ್ಯೆ ದೊಡ್ಡದು, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಹಠ ಬಿಡುವುದಿಲ್ಲವೆಂದಾದರೆ ಕೊನೆಯದಾಗಿ ಒಂದು ಬೇಡಿಕೆ. ಕಟ್ಟುವುದಾದರೆ ಪೂರ್ತಿ ಕಟ್ಟಿ. ಕೈಯಲ್ಲಿ ಆರು ತಿಂಗಳ ಖರ್ಚಿಗೆಂದು ಇಟ್ಟುಕೊಂಡಿದ್ದೀರಲ್ಲ, ಅದನ್ನೂ ತಂದು ಸುರಿಯಿರಿ. ಆಮೇಲೆ ಅಮ್ಮನಿಗೆ ಮಂಡಿ ಆಪರೇಷನ್ ಎಂದಾಗ ನನ್ನ ಅಣ್ಣತಮ್ಮಂದಿರನ್ನು ನೀವೇ ಕರೆಯುತ್ತೀರಿ. ಪರ್ಸನಲ್ ಲೋನಿನ ಬಡ್ಡಿ ಫೋನು ಮಾಡಿದ ದಿನವೇ ಬರುತ್ತಾನೆ. ಕ್ರೆಡಿಟ್ ಕಾರ್ಡಿನ ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟಿನವನು, ಆದರೆ ಸೂಟುಬೂಟು ಹಾಕಿಕೊಂಡು ಬರುತ್ತಾನೆ. ನಮ್ಮ ವಂಶದ ಕಪ್ಪುಚುಕ್ಕೆ ಮೀಟರ್ ಬಡ್ಡಿ, ಅವನನ್ನು ಮಾತ್ರ ಕರೆಯಬೇಡಿ, ಅವನ ಕಾಟಕ್ಕೆ ನಾವೂ ಹೆದರುತ್ತೇವೆ. ನಾನು ಎಷ್ಟು ಸಾಧು ಎಂಬುದು ಇವರನ್ನೆಲ್ಲ ಕಂಡ ಮೇಲೆ ನಿಮಗೆ ಗೊತ್ತಾಗುತ್ತದೆ.

ಇನ್ನು ಸಾಲ ತೀರಿದ ದಿನ ಸಿಹಿ ಹಂಚಿ ಮನೆಗೆ ಹೋಗಿ ಮಲಗಿಬಿಡಿ. ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ಕೇಳಬೇಡಿ. ಮೂಲ ದಾಖಲೆಗಳನ್ನು ಮೂವತ್ತು ದಿನದೊಳಗೆ ಕೊಡದಿದ್ದರೆ, ತಡ ಬ್ಯಾಂಕಿನದೇ ಆಗಿದ್ದರೆ, ದಿನಕ್ಕೆ ಐದು ಸಾವಿರದಂತೆ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಅದನ್ನು ಮರೆತುಬಿಡಿ. ಸಬ್‌ರಿಜಿಸ್ಟ್ರಾರ್ ಕಚೇರಿಯ ದಾಖಲೆಯಲ್ಲಿರುವ ಅಡಮಾನವನ್ನು ತೆಗೆಸಲು ಓಡಾಡಬೇಡಿ, ಕಾವೇರಿ ವೆಬ್‌ಸೈಟಿನಲ್ಲಿ ಹೊಸ ಇಸಿ ತೆಗೆದು ನೋಡಬೇಡಿ, ಸಿಬಿಲ್‌ನಲ್ಲಿ ಖಾತೆ ಮುಚ್ಚಿದೆಯೇ ಎಂದು ಹುಡುಕಬೇಡಿ. ಮುಂದೆಂದೋ ಮನೆ ಮಾರಲು ಹೊರಟಾಗ ಕೊಳ್ಳುವವರ ವಕೀಲರು ಇಸಿಯಲ್ಲಿ ನಮ್ಮ ಸಂಬಂಧದ ಗುರುತು ಕಂಡು ನಿಮ್ಮನ್ನು ಕೇಳಲಿ. ನಾನು ಅಷ್ಟಕ್ಕೇ ತೃಪ್ತ.

ಇಂತಿ ತಮ್ಮ ವಿಶ್ವಾಸಿ,
ಮನೆಸಾಲದ ಬಡ್ಡಿ
(ಇದ್ದ ಅವಧಿ 20 ವರ್ಷ, ತಮ್ಮ ದಯೆಯಿಂದ ಈಗ 11)

ವಿ.ಸೂ.: ತಮ್ಮ ಮಗಳಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ ಸಿಕ್ಕ ಸುದ್ದಿ ಕೇಳಿ ಬಹಳ ಸಂತೋಷವಾಯಿತು. ಮೂವತ್ತು ವರ್ಷದ ಅವಧಿಯ ಸಾಲವೊಂದು ಪೂರ್ವ ಮಂಜೂರಾಗಿದೆ ಎಂಬ ಎಸ್‌ಎಂಎಸ್ ನಿನ್ನೆಯೇ ಅವಳಿಗೆ ಹೋಗಿದೆ. ಅವಳು ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದಳಂತೆ. ದಯವಿಟ್ಟು ಕೇಳದ ಹಾಗೆ ನೋಡಿಕೊಳ್ಳಿ.