ಮಹಡಿ ಮನೆ ಫ್ಯಾಮಿಲಿಗೆ ಮಾತ್ರ

ಇಬ್ಬರು ಹುಡುಗರು ಪರಸ್ಪರ ಪ್ರೀತಿಸಿದರೆ ಜಯನಗರದ ತಕರಾರೇನೂ ಇಲ್ಲ. ಸಣ್ಣಪುಟ್ಟ ಷರತ್ತುಗಳಿವೆ, ಅಷ್ಟೇ. ಹುಡುಗರು ಇಂಗ್ಲೆಂಡಿನವರೋ ಥಾಯ್ಲೆಂಡಿನವರೋ ಆಗಿರಬೇಕು. ಮುಖದ ಮೇಲೆ ಒಂದು ಮೊಡವೆಯೂ ಇರಕೂಡದು. ಎಂಟನೇ ಕಂತಿನೊಳಗೆ ಎಲ್ಲ ಶುಭಂ ಆಗಬೇಕು. ಮುಖ್ಯವಾಗಿ, ಅವರು ನಮ್ಮ ಮಹಡಿ ಮನೆ ಬಾಡಿಗೆಗೆ ಕೇಳಿಕೊಂಡು ಬರಕೂಡದು.

2022ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಹಾರ್ಟ್‌ಸ್ಟಾಪರ್’ ಸರಣಿ ಈ ಷರತ್ತುಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿತು. ನಿಕ್ ರಗ್ಬಿ ಆಡುವ ಹುಡುಗ, ಚಾರ್ಲಿ ಅವನ ಪಕ್ಕದಲ್ಲಿ ಕೂರುವವನು. ಒಬ್ಬನ ಬೆರಳು ಇನ್ನೊಬ್ಬನ ಬೆರಳ ಹತ್ತಿರ ಸರಿದರೆ ಸಾಕು, ಪರದೆ ಮೇಲೆ ಗೀಚಿದಂಥ ಕಿಡಿಗಳು ಹಾರುತ್ತವೆ, ಎಲೆಗಳು ತೇಲುತ್ತವೆ. ಆ ಕಿಡಿ ಬಿಟಿಎಂ ಲೇಔಟಿನ ಲೇಡೀಸ್ ಪೀಜಿಗೂ ತಗುಲಿತು. ಮೂರು ಮಂಚದ ರೂಮಿನಲ್ಲಿ ಆರು ಜನ ಒಂದು ಲ್ಯಾಪ್‌ಟಾಪಿಗೆ ಮುತ್ತಿಕೊಂಡು, ‘ಅಯ್ಯೋ, ಸತ್ತೇ ಹೋಗ್ತೀನಿ ಕಣೇ’ ಅನ್ನುತ್ತಾ ದಿಂಬು ಕಚ್ಚಿದರು. ಕೆಳಗಿನಿಂದ ಆಂಟಿ ‘ಲೈಟ್ ಆರಿಸ್ರಮ್ಮಾ’ ಎಂದು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

ದಿಂಬು ಕಚ್ಚುವವರೆಗೆ ಯಾರಿಗೂ ನಷ್ಟವಿಲ್ಲ. ಆದರೆ ಅಭಿಮಾನ ಅಷ್ಟಕ್ಕೇ ನಿಲ್ಲುವ ರೋಗವಲ್ಲ. ತೆರೆ ಮೇಲೆ ಪ್ರೀತಿಸಿದವನು ತೆರೆ ಆಚೆಗೂ ಹಾಗೇ ಪ್ರೀತಿಸುತ್ತಾನೋ ಇಲ್ಲವೋ ಎಂಬ ತನಿಖೆಗೆ ಅದು ಇಳಿಯುತ್ತದೆ. ನಿಕ್ ಪಾತ್ರ ಮಾಡಿದ ಕಿಟ್ ಕಾನರ್‌ಗೆ ಆಗ ಹದಿನೆಂಟು ವರ್ಷ. ನೀನು ನಿಜವಾಗಲೂ ಯಾರು, ಹೇಳು, ಇಲ್ಲದಿದ್ದರೆ ಈ ಪಾತ್ರ ಮಾಡಿ ನಮಗೆ ಮೋಸ ಮಾಡಿದ್ದೀಯ ಎಂದು ಜಗತ್ತಿನ ನಾಲ್ಕೂ ದಿಕ್ಕಿನಿಂದ ಅಭಿಮಾನಿಗಳು ಅವನ ಬೆನ್ನು ಹತ್ತಿದರು. 2022ರ ಅಕ್ಟೋಬರ್ 31ರಂದು ಅವನು ಟ್ವಿಟರ್‌ನಲ್ಲಿ ನಾಲ್ಕು ಸಾಲು ಬರೆದ: ತಾನು ಬೈಸೆಕ್ಷುಯಲ್, ಹದಿನೆಂಟರ ಹುಡುಗನಿಂದ ಬಲವಂತವಾಗಿ ಇದನ್ನು ಹೇಳಿಸಿದ್ದಕ್ಕೆ ನಿಮಗೆ ಅಭಿನಂದನೆ, ಸರಣಿ ಏನು ಹೇಳುತ್ತಿದೆ ಎನ್ನುವುದೇ ಕೆಲವರಿಗೆ ಅರ್ಥವಾದಂತಿಲ್ಲ. ಅಲ್ಲಿಗೆ ಮುಗಿಸಿ ಹೊರಟುಹೋದ. ಒಬ್ಬ ಹುಡುಗನಿಗೆ ತನ್ನ ಮನಸ್ಸನ್ನು ತನಗೆ ಬೇಕಾದಾಗ ಹೇಳಿಕೊಳ್ಳುವ ಹಕ್ಕಿದೆ ಎಂಬುದೇ ಆ ಸರಣಿಯ ಕಥೆ. ಅದನ್ನು ನೋಡಿ ಗಳಗಳನೆ ಅತ್ತವರೇ ಅವನ ಬಾಯಿ ಬಿಡಿಸಿದರು!

ಅಳುವುದರಲ್ಲಿ ಅಮ್ಮಂದಿರೂ ಹಿಂದೆ ಬಿದ್ದಿಲ್ಲ. ಮೊದಲ ಸೀಸನ್ನಿನ ಕೊನೆಯಲ್ಲಿ ನಿಕ್ ತನ್ನ ತಾಯಿಯ ಮುಂದೆ ತಡವರಿಸುತ್ತಾ ವಿಷಯ ಬಿಚ್ಚಿಡುತ್ತಾನೆ. ತಾಯಿಯ ಪಾತ್ರದ ಆಲಿವಿಯಾ ಕೋಲ್ಮನ್ ಅವನನ್ನು ತಬ್ಬಿಕೊಳ್ಳುತ್ತಾಳೆ. ಬನಶಂಕರಿಯ ಅಮ್ಮ ಮಗಳ ಪಕ್ಕ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ‘ತಾಯಿ ಅಂದ್ರೆ ಹೀಗಿರಬೇಕು ನೋಡು’ ಅನ್ನುತ್ತಾರೆ. ಹತ್ತು ನಿಮಿಷಕ್ಕೆ ತಂಗಿಯ ಫೋನು. ಮೂವತ್ನಾಲ್ಕು ದಾಟಿದ ಮಗ ಎಂಟನೇ ಹುಡುಗಿಯನ್ನೂ ಒಲ್ಲೆ ಅಂದನಂತೆ, ‘ಅಮ್ಮಾ, ನಿನ್ನ ಹತ್ರ ಒಂದು ಮಾತಾಡಬೇಕು’ ಅಂತ ಬೇರೆ ಶುರುಮಾಡಿದ್ದನಂತೆ. ಅಕ್ಕ ತಡಮಾಡದೆ ಪರಿಹಾರ ಸೂಚಿಸುತ್ತಾರೆ: ‘ಅವನನ್ನ ಮಾತಾಡೋಕೆ ಬಿಡಬೇಡ ಕಣೇ. ಕುಜದೋಷ ಇರಬೇಕು, ಮೊದಲು ಜಾತಕ ತೋರಿಸು.’

ಗಂಡಸರ ಪ್ರತಿಕ್ರಿಯೆ ಇನ್ನೂ ಸರಳ: ಇದು ನಮ್ಮ ಸಂಸ್ಕೃತಿಯಲ್ಲ. ಪಾರ್ಕಿನಲ್ಲಿ ಮೂರು ಸುತ್ತು ಮುಗಿಸಿ ಬೆಂಚಿನ ಮೇಲೆ ಕೂತು ಈ ತೀರ್ಪು ಕೊಡುವವರೇ 2001ರಲ್ಲಿ ‘ದಿಗ್ಗಜರು’ ನೋಡಿ ಶಿಳ್ಳೆ ಹೊಡೆದವರು. ವಿಷ್ಣುವರ್ಧನ್ ಮತ್ತು ಅಂಬರೀಶ್ ಒಬ್ಬರಿಗಾಗಿ ಒಬ್ಬರು ಪ್ರಾಣ ಬಿಡಲು ಸಿದ್ಧರಾಗುವ ಸ್ನೇಹದ ಕಥೆ ಅದು. ಗಂಡಸರು ತಬ್ಬಿಕೊಂಡು ಅಳುವುದನ್ನು ನೋಡಲು ಕನ್ನಡಿಗನಿಗೆ ಎಂದೂ ಸಂಕೋಚವಿರಲಿಲ್ಲ, ಅತ್ತವರು ಆಮೇಲೆ ತಂತಮ್ಮ ಹೆಂಡತಿಯರ ಮನೆಗೆ ಹೋದರೆ ಸಾಕು. 2023ರಲ್ಲಿ ಮಲಯಾಳಂನ ಮಮ್ಮುಟ್ಟಿ, ಎಪ್ಪತ್ತು ದಾಟಿದ ಮೇಲೆ, ತಾವೇ ದುಡ್ಡು ಹಾಕಿ ‘ಕಾದಲ್’ನಲ್ಲಿ ಸಲಿಂಗಿ ಗೃಹಸ್ಥನ ಪಾತ್ರ ಮಾಡಿದರು. ನಮ್ಮ ಸ್ಟಾರೊಬ್ಬರು ಅದನ್ನು ಮಾಡಿದರೆ ಕಟೌಟಿಗೆ ಹಾಲೆರೆಯಬೇಕೋ ಬೇಡವೋ ಎಂದು ಅಭಿಮಾನಿ ಸಂಘ ತುರ್ತು ಸಭೆ ಕರೆಯಬೇಕಾದೀತು.

ಈ ನಡುವೆ ಬಾಡಿಗೆ ವ್ಯವಹಾರದಲ್ಲೊಂದು ತಮಾಷೆ ಇದೆ. ಮದುವೆಯಾಗದ ಹುಡುಗ ಹುಡುಗಿ ಜೆ.ಪಿ. ನಗರದಲ್ಲಿ ಮನೆ ಕೇಳಿದರೆ ಓನರ್ ಗೇಟಿನಲ್ಲೇ ಮದುವೆ ಫೋಟೊ ಕೇಳುತ್ತಾರೆ. ಇಬ್ಬರು ಹುಡುಗರು ಬಂದರೆ, ಬ್ಯಾಚುಲರ್‌ಗಳೆಂದು ಸ್ವಲ್ಪ ಗೊಣಗಿ, ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಂಡು ಒಂದೇ ಷರತ್ತು ಹಾಕುತ್ತಾರೆ: ‘ನೋಡ್ರಪ್ಪಾ, ಹುಡುಗೀರನ್ನ ಮಾತ್ರ ಕರ್ಕೊಂಡು ಬರಬಾರದು.’ ಇವರು ಕರ್ಕೊಂಡು ಬರುವುದೇ ಇಲ್ಲ. ವರ್ಷಗಟ್ಟಲೆ ಬರುವುದಿಲ್ಲ. ‘ಚಿನ್ನದಂಥ ಹುಡುಗರು’ ಎಂದು ಓನರ್ ಬೀದಿಗೆಲ್ಲ ಸಾರುತ್ತಾರೆ. ಆಮೇಲೊಂದು ದಿನ ಯಾರೋ ಕಿವಿಯೂದುತ್ತಾರೆ. ಮರುದಿನವೇ ಅಮೆರಿಕದಿಂದ ಓನರ್ ಮಗ ವಾಪಸ್ ಬರುತ್ತಿರುವ ಸುದ್ದಿ ಹುಟ್ಟುತ್ತದೆ, ಮನೆ ಖಾಲಿ ಮಾಡಬೇಕಾಗುತ್ತದೆ. ಆ ಮಗ ಇವತ್ತಿನವರೆಗೂ ಬಂದಿಲ್ಲ.

ಇಷ್ಟೆಲ್ಲ ಆದ ಮೇಲೆ ಅಭಿಮಾನಿಗಳದ್ದು ಒಂದು ಕೊರಗು: ‘ಕನ್ನಡದಲ್ಲಿ ಇಂಥವೆಲ್ಲ ಯಾಕೆ ಬರಲ್ಲ?’ ಬಂದಿದೆ ತಾಯಿ. ನಿಕ್ ಮತ್ತು ಚಾರ್ಲಿ ತೆರೆಗೆ ಬರುವ ಒಂಬತ್ತು ವರ್ಷ ಮೊದಲೇ ಬಂದಿದೆ. ಸಂಡೂರಿನ ವಸುಧೇಂದ್ರ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿದವರು, ಮೊದಲ ಕಥೆಯನ್ನು ಬೇರೆ ಹೆಸರಿನಲ್ಲಿ ಅಚ್ಚು ಹಾಕಿಸಿ, 2013ರಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನವನ್ನು ಸ್ವಂತ ಹೆಸರಿನಲ್ಲಿ ತಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟಿತು. ಆ ಜೀವ ಹೋಗಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. ಅದಕ್ಕೂ ಹತ್ತು ವರ್ಷ ಹಿಂದೆ, 2008ರಲ್ಲಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ ಟೌನ್‌ಹಾಲ್‌ವರೆಗೆ ನಮ್ಮದೇ ಹುಡುಗರು, ಹುಡುಗಿಯರು ಪ್ರೈಡ್ ಮೆರವಣಿಗೆ ಹೊರಟಿದ್ದರು. ಆ ದಾರಿಯಲ್ಲಿ ದಿಂಬು ಕಚ್ಚುವವರು ಕಂಡ ನೆನಪಿಲ್ಲ.

ಮೋಹನಸ್ವಾಮಿಯ ಕಥೆಯಲ್ಲಿ ಎಲೆಗಳು ತೇಲುವುದಿಲ್ಲ. ಜೊತೆಗೇ ಇದ್ದ ಕಾರ್ತಿಕ್ ಹುಡುಗಿಯನ್ನು ನೋಡಿ ಮದುವೆಗೆ ಹೊರಡುತ್ತಾನೆ. ಮೋಹನಸ್ವಾಮಿಗೆ ಉಳಿಯುವುದು ಹೊಟ್ಟೆಕಿಚ್ಚು, ಅವಮಾನ, ಖಾಲಿ ಮನೆ. ಕ್ಯೂಟ್ ಅನ್ನಲು ಒಂದು ಪುಟವೂ ಸಿಗದು. ಗಾಂಧಿ ಬಜಾರಿಗೆ ಹೋದಾಗ ಕನ್ನಡ ಪುಸ್ತಕದಂಗಡಿಯಲ್ಲಿ ಕೇಳಿ ನೋಡಿ. ಓದಿದ ಮೇಲೆ ನಿಮ್ಮ ಓನರಿಗೂ ಕೊಡಿ, ಅಡ್ವಾನ್ಸ್ ವಾಪಸ್ ಕೈಗೆ ಬಂದ ನಂತರ.