ಮದುಮಗಳ ಒಡವೆ: ಬಳಕೆದಾರರ ಕೈಪಿಡಿ (ಸಿಂಧನೂರು–ಮಸ್ಕಿ–ಲಿಂಗಸುಗೂರು ಮಾದರಿ)

ಒಡವೆ ಕೊಳ್ಳುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಕೊಂಡ ಮೇಲೆ ಓದಿದರೂ ಅಡ್ಡಿಯಿಲ್ಲ, ನಮ್ಮ ಕಡೆ ಮಿಕ್ಸರಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲದರ ಕೈಪಿಡಿಯನ್ನೂ ಹಾಗೇ ಓದುವುದು.

ಪೆಟ್ಟಿಗೆಯಲ್ಲಿ ಏನೇನಿದೆ

ಮದುಮಗಳು ಒಬ್ಬಳು. ಅವಳ ಮೊಬೈಲು ಒಂದು, ಅದರೊಳಗೆ ವರ್ಷದಿಂದ ಕೂಡಿಟ್ಟ ನಾನೂರು ಫೋಟೊ. ಅಜ್ಜಿ ಒಬ್ಬಳು, ಅವಳ ತಲೆಯೊಳಗೆ ಅರವತ್ತು ವರ್ಷದಿಂದ ಕೂಡಿಟ್ಟ ಒಂದೇ ಫೋಟೊ. ತವರಿನ ಕಡೆಯ ಆರು, ಬೀಗರ ಕಡೆಯ ಹನ್ನೊಂದು ಹೆಂಗಸರು. ಅಂಗಡಿಯಲ್ಲಿ ಕುರ್ಚಿ ಸಾಲದಿದ್ದರೆ ತಯಾರಕರು ಹೊಣೆಯಲ್ಲ. ಅಪ್ಪ ಒಬ್ಬ, ಕ್ಯಾಲ್ಕುಲೇಟರ್ ಸಮೇತ. ವರನನ್ನು ಪ್ರತ್ಯೇಕವಾಗಿ ತರಿಸಿಕೊಳ್ಳಬೇಕು, ಈ ಹಂತದಲ್ಲಿ ಅವನಿಂದ ಉಪಯೋಗವಿಲ್ಲ.

ಹಂತ 1: ನಿಮ್ಮ ಸ್ಟೈಲನ್ನು ಗುರುತಿಸಿ

ನಿಮ್ಮ ವ್ಯಕ್ತಿತ್ವವನ್ನು ಸಾರಿ ಹೇಳುವ ಒಂದೇ ಒಂದು ದೊಡ್ಡ ಒಡವೆ ಆರಿಸಿಕೊಳ್ಳಿ, ಉಳಿದದ್ದು ಸರಳವಾಗಿರಲಿ, ಎಂದು ಪಟ್ಟಣದ ಪತ್ರಿಕೆಗಳು ಹೇಳುತ್ತವೆ. ಇದನ್ನು ಸಿಂಧನೂರಿನ ಸರಾಫರ ಅಂಗಡಿಯೊಂದರಲ್ಲಿ ನಮ್ಮ ಅಕ್ಕನ ಮಗಳು ಪ್ರಯೋಗಿಸಿ ನೋಡಿದಳು. "ಬರೇ ದೊಡ್ಡ ಝುಮಕಿ ಹಾಕ್ಕೊಂತೀನಿ, ಕೊಳ್ಳು ಖಾಲಿ ಬಿಡ್ತೀನಿ" ಅಂದಳು. ಹದಿನೇಳು ಹೆಂಗಸರು ಏಕಕಾಲಕ್ಕೆ ಸುಮ್ಮನಾದದ್ದನ್ನು ಅಂಗಡಿಯವರು ಮೊದಲ ಸಲ ಕಂಡಿರಬೇಕು. ಆಮೇಲೆ ಅಜ್ಜಿ ಕೇಳಿದಳು: "ಕೊಳ್ಳು ಖಾಲಿ ಬಿಡಾಕ ಲಗ್ನ ಯಾಕ ಬೇಕಬೇ?"

ಪ್ರಯೋಗ ವಿಫಲವಾದಲ್ಲಿ ಪೂರ್ವನಿಯೋಜಿತ ಪಟ್ಟಿ ತಾನಾಗಿ ಚಾಲೂ ಆಗುತ್ತದೆ. ಬೋರಮಾಳ, ಗುಂಡಿನ ಸರ, ಟೀಕಿ, ಬೆಂಡೋಲೆ, ಬುಗುಡಿ, ನತ್ತು, ವಂಕಿ, ಪಾಟಲಿ, ಬಿಲ್ವಾರ, ಡಾಬು, ಕಾಲುಂಗುರ. ಇದನ್ನು ನಿಲ್ಲಿಸುವ ಗುಂಡಿಯನ್ನು ಈ ಮಾದರಿಯಲ್ಲಿ ಅಳವಡಿಸಿಲ್ಲ.

ಹಂತ 2: ಅಕ್ಕಪಕ್ಕದವರನ್ನು ನೋಡಿ

ಸ್ಟೈಲ್ ಕಲಿಯಲು ದೂರ ಹೋಗಬೇಕಿಲ್ಲ, ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸು ಕೂತರೆ ಸಾಕು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರು ಭತ್ತದ ಜೊತೆಗೆ ವಡ್ಡಾಣವನ್ನೂ ತಂದರು. ನಮ್ಮ ಡಾಬು ಅದರ ಪಕ್ಕದಲ್ಲಿ ನಿಂತು ನಾಚಿಕೊಂಡು, ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋಯಿತು. ಪೂರ್ವ ಪಾಕಿಸ್ತಾನದಿಂದ ಬಂದು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಹೆಣ್ಣುಮಕ್ಕಳ ಕೈಯಲ್ಲಿ ಬಿಳಿ ಶಂಖದ ಬಳೆ, ಅದರ ಪಕ್ಕ ಕೆಂಪು ಬಳೆ. ಎರಡೇ ಬಳೆ ಸಾಕು, ಮದುವೆಯಾದವಳೆಂದು ದೂರದಿಂದಲೇ ತಿಳಿಯುತ್ತದೆ. ಲಿಂಗಸುಗೂರು ಕಡೆಯ ತಾಂಡಾಗಳ ಮುದುಕಿಯರು ಕೆನ್ನೆಯ ಎರಡೂ ಬದಿಗೆ ಬೆಳ್ಳಿಯ ಘುಗರಿ ಇಳಿಬಿಟ್ಟುಕೊಂಡು ಸಂತೆಗೆ ಬರುತ್ತಾರೆ. ಒಂದು ಕಾಲಕ್ಕೆ ಆನೆದಂತದ್ದಾಗಿದ್ದ ಅವರ ತೋಳಬಳೆ ಈಗ ಪ್ಲಾಸ್ಟಿಕ್ಕಿನದು. ಆದರೆ ಹಾಕಿಕೊಳ್ಳುವ ಠೀವಿ ಮಾತ್ರ ಪ್ಲಾಸ್ಟಿಕ್ಕಿಗೆ ಇಳಿದಿಲ್ಲ.

ಬಂಗಾಳಿ ಮದುವೆಯಲ್ಲಿ ವರ ತೊಡುವ ಕಿರೀಟ ಟೋಪರನ್ನು ಮಾಡುವುದು ಬೆಂಡಿನಿಂದ, ನಮ್ಮ ಹಳೆಯ ಬಾಸಿಂಗವೂ ಬೆಂಡಿನದೇ. ಬೆವರಿದರೆ ಎರಡೂ ಒಂದೇ ರೀತಿ ಮೆತ್ತಗಾಗುತ್ತವೆ. ನಮ್ಮ ಮದುವೆಗಳೆಲ್ಲ ಏಪ್ರಿಲ್-ಮೇ ತಿಂಗಳಲ್ಲಿ, ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ಆಗುವುದರಿಂದ ಇದನ್ನು ತಾಂತ್ರಿಕ ಮಾಹಿತಿ ಎಂದು ಪರಿಗಣಿಸಿ.

ಹಂತ 3: ಬೇಡ ಎನ್ನುವುದು (ಮುಂದುವರಿದ ಬಳಕೆದಾರರಿಗೆ ಮಾತ್ರ)

ಈ ಭಾಗದ ಅತ್ಯಂತ ಪ್ರಸಿದ್ಧ ಮದುವೆಯ ಒಡವೆ ಯಾರ ಕೊರಳಿಗೂ ಬೀಳಲಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಸೀಮೆಯಲ್ಲಿ ಅಕ್ಕಸಾಲಿಗನೊಬ್ಬನ ಮಗಳಿದ್ದಳು, ಹೆಸರು ಪರ್ತಾಲ್. ಅವಳ ಚೆಲುವಿನ, ಹಾಡಿನ ಸುದ್ದಿ ಕೇಳಿ ವಿಜಯನಗರದ ಒಂದನೆಯ ದೇವರಾಯ ಬ್ರಾಹ್ಮಣನೊಬ್ಬನ ಕೈಯಲ್ಲಿ ಕಂಠಹಾರ ಕಳಿಸಿದ. ಅದು ಕೊರಳಿಗೆ ಬಿದ್ದರೆ ನಿಶ್ಚಯವಾದಂತೆ. ಅಪ್ಪ-ಅಮ್ಮ ಹಿಗ್ಗಿದರು. ಮಗಳು ಕೊರಳೊಡ್ಡಲಿಲ್ಲ. ಆ ಅರಮನೆ ಹೊಕ್ಕ ಹೆಣ್ಣು ಮತ್ತೆ ತವರಿನ ಮುಖ ನೋಡುವುದಿಲ್ಲ ಎಂಬುದು ಅವಳ ಕಾರಣ. ಅಕ್ಕಸಾಲಿಗನ ಮಗಳಿಗೆ ಹಾರದ ಬೆಲೆ ತಿಳಿಯದೇ ಇರಲಿಲ್ಲ ಎನ್ನುವುದನ್ನು ಗಮನಿಸಿ.

ಮುಂದಿನದು ರಂಪ. ರಾಯನ ಕುದುರೆದಂಡು ತುಂಗಭದ್ರೆ ದಾಟಿ ಬಂತು. ಅಷ್ಟರಲ್ಲಿ ಹುಡುಗಿಯ ಮನೆಯವರು ಊರು ಬಿಟ್ಟಿದ್ದರು. ತನ್ನ ಸೀಮೆಗೆ ನುಗ್ಗಿದರೆಂಬ ಇದೇ ನೆಪದಿಂದ ಬಹಮನಿ ಸುಲ್ತಾನ ಫಿರೋಜ್ ಷಾ ದಂಡೆತ್ತಿ ಹೋದ. 1406ರ ಆ ಯುದ್ಧದಲ್ಲಿ ಸೋತ ದೇವರಾಯ ಬಂಕಾಪುರವನ್ನೂ ತನ್ನ ಮಗಳನ್ನೂ ಕೊಟ್ಟು ರಾಜಿಯಾದ. ಪರ್ತಾಲಳನ್ನು ಫಿರೋಜನ ಮಗನಿಗೆ ಮದುವೆ ಮಾಡಿದರು. ಆ ಸಲ ಅವಳನ್ನು ಯಾರಾದರೂ ಕೇಳಿದರೋ ಇಲ್ಲವೋ ಕಥೆ ಹೇಳುವುದಿಲ್ಲ. ಇದನ್ನು ಬರೆದಿಟ್ಟ ಫೆರಿಷ್ತಾ ಸುಮಾರು ಇನ್ನೂರು ವರ್ಷ ಆಮೇಲಿನವನು, ಇತಿಹಾಸಕಾರರು ಪೂರ್ತಿ ನಂಬುವುದಿಲ್ಲ. ನಾನು ಯುದ್ಧದ ವಿವರ ಬಿಟ್ಟು, ಹಾರ ಬೇಡವೆಂದ ಭಾಗವನ್ನು ಮಾತ್ರ ನಂಬುತ್ತೇನೆ.

ಸೂಚನೆ: ಈ ಹಂತವನ್ನು ಮನೆಯಲ್ಲಿ ಪ್ರಯತ್ನಿಸುವವರು ಸಣ್ಣದರಿಂದ ಶುರು ಮಾಡಿ. ಮೊದಲು ನತ್ತು ಬೇಡ ಎನ್ನಿ. ದಂಡು ಬರದಿದ್ದರೆ ಡಾಬಿನ ಕಡೆ ಹೋಗಿ.

ಹಂತ 4: ತೂಕ

ಇದು ಹಂತ 1ಕ್ಕಿಂತ ಮೊದಲೇ ಮುಗಿದಿರುತ್ತದೆ. ಇಷ್ಟು ತೊಲೆ ಎಂದು ಹಿರಿಯರು ಎಂದೋ ಮಾತಾಡಿರುತ್ತಾರೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರದು, ಆದ್ದರಿಂದ ಆ ಮಾತನ್ನು ಯಾರೂ ಜೋರಾಗಿ ಆಡುವುದಿಲ್ಲ. ಪುಸ್ತಕದ ತೊಲೆ 11.66 ಗ್ರಾಂ, ಪ್ಯಾಟಿಯ ತೊಲೆ 10 ಗ್ರಾಂ. ಬೀಗರು ಯಾವ ತೊಲೆಯಲ್ಲಿ ಮಾತಾಡಿದರು ಎಂದು ಮೊದಲೇ ಕೇಳಿಕೊಳ್ಳಿ, ಎಷ್ಟೋ ನೆಂಟಸ್ತನ ಆ 1.66ರಲ್ಲಿ ಕೆಟ್ಟಿದೆ.

ಲಿಂಗಸುಗೂರಿನ ಪಕ್ಕದಲ್ಲೇ ಹಟ್ಟಿ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದ ಪ್ರಮುಖ ಚಿನ್ನದ ಗಣಿ ಎಂದರೆ ಹಟ್ಟಿ. ಅಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ. ನಿಮ್ಮ ಹತ್ತು ತೊಲೆಯ ಹಿಂದೆ ಲಾರಿಗಟ್ಟಲೆ ಕಲ್ಲು ನಿಂತಿದೆ ಎಂದು ನೆನೆದರೆ ಹಂದರದ ಕೆಳಗೆ ಅದನ್ನು ಹೊತ್ತು ಕೂರುವುದು ಸ್ವಲ್ಪ ಹಗುರಾದೀತು. ನನಗೆ ಆಗಲಿಲ್ಲ. ನನ್ನ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೇ ಡಾಬಿನ ಕೊಂಡಿ ಕಳಚಿ, ತಾಳಿ ಕಟ್ಟುವ ತನಕ ಸೋದರತ್ತೆ ಅದನ್ನು ಹಿಂದಿನಿಂದ ಕೈಯಲ್ಲಿ ಹಿಡಿದು ನಿಂತಿದ್ದಳು. ಫೋಟೊದಲ್ಲಿ ಅವಳ ಮೊಣಕೈ ಇದೆ.

ಹರಳು, ಮುತ್ತು, ಎನಾಮೆಲ್ಲು ಕಣ್ಣಿಗೆ ಚೆಂದ. ಆದರೆ ಸಿಂಧನೂರಿನಲ್ಲಿ ಒಡವೆಗೆ ಎರಡು ಸೀಸನ್ನು. ಬೇಸಿಗೆಯಲ್ಲಿ ಹಂದರ, ಮುಂಗಾರಿನಲ್ಲಿ ಬ್ಯಾಂಕು. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ವಾರ, ನಾಟಿಗೂ ಗೊಬ್ಬರಕ್ಕೂ ರೊಕ್ಕ ಬೇಕಾದಾಗ, ಬೋರಮಾಳ ಕೌಂಟರಿನ ತಕ್ಕಡಿ ಮೇಲೆ ಕೂರುತ್ತದೆ. ಅಲ್ಲಿ ಹರಳಿನ ತೂಕ ಕಳೆದು ಬರೇ ಬಂಗಾರ ಲೆಕ್ಕ ಹಾಕುತ್ತಾರೆ, ಕಾರಾಗೀರನ ಕೂಲಿಗೆ ಕಾಸೂ ಇಲ್ಲ. ಹೀಗಾಗಿ ಅಜ್ಜಿ ಹಟ ಹಿಡಿದು ಕೊಡಿಸಿದ ಬೋಳು ಬಿಲ್ವಾರ, ನೀವು ಆರಿಸಿದ ನವಿಲು ಪದಕಕ್ಕಿಂತ ಹೆಚ್ಚು ಸಾಲ ಎತ್ತುತ್ತದೆ. ಅಜ್ಜಿಗೆ ಸ್ಟೈಲ್ ಗೊತ್ತಿಲ್ಲ ಎಂದು ಅಂಗಡಿಯಲ್ಲಿ ಅಂದ ನನ್ನ ಮಾತನ್ನು ನಾನು ಮದುವೆಯಾದ ಎರಡನೇ ಮಳೆಗಾಲಕ್ಕೆ ವಾಪಸು ಪಡೆದೆ. ದೊಡ್ಡದಾಗಿ, ನವಿಲು ಗಿವಿಲು ಇರುವಂಥದ್ದು ಬೇಕೇಬೇಕೆಂದರೆ ಒಂದು ಗ್ರಾಂ ಗೋಲ್ಡಿನದನ್ನೋ ಬಾಡಿಗೆ ಸೆಟ್ಟನ್ನೋ ತನ್ನಿ, ತಪ್ಪೇನಿಲ್ಲ. ಕ್ಯಾಮೆರಾಕ್ಕೆ ಕ್ಯಾರೆಟ್ ತಿಳಿಯುವುದಿಲ್ಲ.

ಹಂತ 5: ಹೆಸರು

ಮಸ್ಕಿಯ ಬೆಟ್ಟದ ಬಂಡೆಯ ಮೇಲಿನ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರನಿಗೆ. ಅಲ್ಲಿಯ ತನಕ ಸಿಕ್ಕ ಆ ದೊರೆಯ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ. ದೊರೆ ಯಾರೆಂದು ಪಂಡಿತರು ಊಹಿಸುತ್ತಿದ್ದರು. ಮಸ್ಕಿಯಲ್ಲಿ ಮಾತ್ರ ಹೆಸರಿತ್ತು: ಅಶೋಕ. ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉದೇಗೊಳಗಳಲ್ಲೂ ಸಿಕ್ಕಿತು.

ನಮ್ಮ ಮದುಮಗಳದೂ ಅದೇ ಕಥೆ. ಆ ದಿನ ಅವಳಿಗೆ ಬಿರುದುಗಳೇ ಬಿರುದು: ಮದುಮಗಳು, ಸೊಸಿ, ನೆಗೆಣ್ಣಿ, ಮನಿ ಲಕ್ಷ್ಮಿ. ಅಂಗೈಯ ಮದರಂಗಿಯಲ್ಲಿ ಗಂಡನ ಹೆಸರು, ಬಾಗಿಲಲ್ಲಿ ಒಡಪು ಹೇಳಿಸಿದರೆ ಅದರಲ್ಲೂ ಗಂಡನ ಹೆಸರು. ಒಡವೆಯ ಮೇಲೆ ಹಾಲ್‌ಮಾರ್ಕಿನ 916 ಇರುತ್ತದೆ, 2023ರ ಏಪ್ರಿಲ್‌ನಿಂದ ಕಡ್ಡಾಯವಾದ ಆರು ಅಕ್ಷರ-ಅಂಕಿಗಳ ಗುರುತೂ ಇರುತ್ತದೆ. ಎಲ್ಲಿಯೂ ಅವಳಿಲ್ಲ. ಮದುವೆಯಲ್ಲಿ ಹೆಣ್ಣಿಗೆ ಬಂದ ಒಡವೆ ಸ್ತ್ರೀಧನ, ಅದರ ಮೇಲೆ ಗಂಡನಿಗೆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲೂ ಮತ್ತೊಮ್ಮೆ ಹೇಳಿದೆ. ಆದರೆ ಮನಸ್ತಾಪ ಬಂದ ದಿನ ಪಂಚಾಯ್ತಿ ಕಟ್ಟೆಯಲ್ಲಿ ಮೊದಲು ಕೇಳುವುದು ಬಿಲ್ಲನ್ನು, ಮತ್ತು ಬಿಲ್ಲು ನಮ್ಮಲ್ಲಿ ಅಪ್ಪನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಇರುತ್ತದೆ.

ಅದಕ್ಕೇ ಬೋರಮಾಳ ಅಜ್ಜಿ ಹೇಳಿದ್ದೇ ಆಗಲಿ, ಡಾಬು ಅತ್ತೆ ಹೇಳಿದಷ್ಟೇ ಅಗಲವಿರಲಿ. ಎಲ್ಲ ಮುಗಿದು ಅಪ್ಪ ಕ್ಯಾಲ್ಕುಲೇಟರ್ ಜೇಬಿಗಿಟ್ಟ ಮೇಲೆ, ಅಂಗಡಿಯವರು ಪೆನ್ನು ಹಿಡಿದು "ಬಿಲ್ ಯಾರ ಹೆಸರಿಗೆ ಮಾಡ್ಲಿರಿ?" ಎನ್ನುತ್ತಾರೆ. ಆಗ ಮದುಮಗಳ ಹೆಸರು ಹೇಳಿ, ತವರಿನ ಇನಿಶಿಯಲ್ ಸಮೇತ.