ಅರ್ಜಿ ಹಾಕದೆ ಒಳಗೆ ಬಂದವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
'ತತ್ಕಾಲ್ ಸೂಪರ್ ಫಾಸ್ಟ್ ಫೈನಲ್ 2 ಡಾಟ್ ಝಿಪ್' ಅವರು,
ತಂದೆಯ ಹೆಸರು: ನಮೂದಿಸಿಲ್ಲ,
ಹಾಲಿ ವಾಸ: ಡೌನ್‌ಲೋಡ್ಸ್ ಫೋಲ್ಡರ್, ಒಂದು ಆನ್‌ಲೈನ್ ಸೆಂಟರಿನ ಕಂಪ್ಯೂಟರ್, ಸಿರುಗುಪ್ಪ.

ವಿಷಯ: ತಮ್ಮ ಕಾಗದಪತ್ರಗಳನ್ನು ಹಾಜರುಪಡಿಸುವ ಬಗ್ಗೆ.

ಮಾನ್ಯರೇ,

ತಾವು ವಾಟ್ಸಾಪ್ ಗ್ರೂಪಿನಲ್ಲಿ ಇಳಿದ ದಿನದಿಂದ ತಮಗೆ ಸಿಗುತ್ತಿರುವ ಉಪಚಾರ ನೋಡಿ, ನಮ್ಮ ಕಡೆಯ ಜನ ಅತಿಥಿ ಸತ್ಕಾರದಲ್ಲಿ ಇಷ್ಟು ಮುಂದುವರಿದಿದ್ದಾರೆಂದು ಈಗ ತಿಳಿಯಿತು. ಅದೇ ಕೌಂಟರಿನ ಮುಂದೆ ಬೇರೆಯವರಿಗೆ ನಡೆಯುವ ಉಪಚಾರ ಬೇರೆ. ತೆಕ್ಕಲಕೋಟೆ ಕಡೆಯಿಂದ ಅಜ್ಜಿಯೊಬ್ಬಳು ವಿಧವಾ ವೇತನದ ಅರ್ಜಿ ಹಾಕಲು ಬಂದರೆ ಆಧಾರ್ ಬೇಕು, ರೇಷನ್ ಕಾರ್ಡ್ ಬೇಕು, ಪಾಸ್‌ಬುಕ್ ಬೇಕು, ಗಂಡ ಸತ್ತದ್ದಕ್ಕೆ ಸರ್ಟಿಫಿಕೇಟ್ ಬೇಕು, ಮೊಮ್ಮಗನ ಫೋನಿಗೆ ಬಂದ ಓಟಿಪಿ ಬೇಕು. ಒಂದು ಕಾಗದದಲ್ಲಿ ಈರಮ್ಮ, ಇನ್ನೊಂದರಲ್ಲಿ ವೀರಮ್ಮ ಅಂತಿದ್ದರೆ ಕಥೆ ಮುಗಿಯಿತು. "ತಿದ್ದಿಸ್ಕೊಂಡು ಬಾರಮ್ಮ" ಎಂದು ವಾಪಸ್ ಕಳಿಸುತ್ತಾರೆ. ಆಕೆ ಕೇಳುತ್ತಿರುವುದು ತಿಂಗಳಿಗೆ ಕೆಲವು ನೂರು ರೂಪಾಯಿ.

ತಾವು ಕೇಳಿದ್ದು ಆ ಕಂಪ್ಯೂಟರಿನಲ್ಲಿ ತೆರೆಯುವ ಪ್ರತಿಯೊಂದು ಪುಟವನ್ನು. ಅದಕ್ಕೆ ತಾವು ತಂದಿದ್ದ ದಾಖಲೆ "ಅಣ್ಣ, ಮಸ್ತ್ ಐತಿ, ಹಾಕ್ಕೋರಿ" ಎಂಬ ಒಂದೇ ಸಾಲು. ಆ ಸಾಲು ಬರೆದ ಅಣ್ಣನಿಗೆ ತಮ್ಮನ್ನು ಕಳಿಸಿದ್ದು ಇನ್ನೊಬ್ಬ ಅಣ್ಣ, ಅವನಿಗೆ ಗುಂತಕಲ್ಲಿನ ಯಾರೋ. ಅಲ್ಲಿಂದಾಚೆಗೆ ತಮ್ಮ ವಂಶಾವಳಿ ಯಾರಿಗೂ ಗೊತ್ತಿಲ್ಲ. ತಮ್ಮ ಹೆಸರೂ ಸ್ಥಿರವಲ್ಲ. ಒಮ್ಮೆ ತತ್ಕಾಲ್, ಒಮ್ಮೆ ಫಾರಂ ಫಿಲ್ಲರ್, ಒಮ್ಮೆ ನುಡಿಯಿಂದ ಯುನಿಕೋಡ್, ಬೆಳೆ ವಿಮೆಯ ಕೊನೇ ದಿನ ಹತ್ತಿರ ಬಂದಾಗ ಆಟೋ ಕ್ಯಾಪ್ಚಾ.

ತಮ್ಮನ್ನು ಕರೆದವರ ಕಷ್ಟವನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯವಾಗದು. ಸಿರುಗುಪ್ಪಕ್ಕೂ ಕುರುಗೋಡಿಗೂ ರೈಲಿಲ್ಲ. ಬೆಂಗಳೂರಿಗೆ ಹೋಗುವವರು ಬಳ್ಳಾರಿಗೆ ಬಂದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹಿಡಿಯಬೇಕು. ಎ.ಸಿ. ಬೋಗಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ತತ್ಕಾಲ್ ತೆರೆಯುತ್ತದೆ. ಸೆಂಟರಿನ ಹುಡುಗ ನಾಲ್ಕು ಜನರ ಹೆಸರು, ವಯಸ್ಸು, ಲಿಂಗ ಹೊಡೆದು ಮುಗಿಸುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಬಂದಿರುತ್ತದೆ. ಎದುರಿಗೆ ಕುಳಿತ ಗಿರಾಕಿ "ಪಕ್ಕದ ಸೆಂಟರ್‌ನ್ಯಾಗ ಸಿಗ್ತಿತ್ತಲ್ಲ" ಅನ್ನುತ್ತಾನೆ. ಆ ಮಾತು ಕೇಳಿದ ಹುಡುಗನಿಗೆ ತಾವು ದೇವರಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ದೇವರ ಹತ್ತಿರ ಯಾರೂ ಆಧಾರ್ ಕೇಳುವುದಿಲ್ಲ.

ಆದರೂ ತಾವು, ಅಂದರೆ ಬ್ರೌಸರಿಗೆ ಅಂಟಿಕೊಂಡು ಕೆಲಸ ಮಾಡುವ 'ಎಕ್ಸ್‌ಟೆನ್ಷನ್' ಎಂಬ ಪುಟ್ಟ ಪ್ರೋಗ್ರಾಮು, ಮುಂಬಾಗಿಲಿನಿಂದ ಬರಲಿಲ್ಲ ಎಂಬುದು ಗಮನಕ್ಕೆ ಬಂದಿದೆ. ವಿಂಡೋಸ್ ಕಂಪ್ಯೂಟರುಗಳಲ್ಲಿ ತನ್ನ ಆನ್‌ಲೈನ್ ಅಂಗಡಿಯ ಹೊರಗಿನಿಂದ ಬಂದ ಎಕ್ಸ್‌ಟೆನ್ಷನ್‌ಗಳಿಗೆ ಕ್ರೋಮ್ 2014ರಲ್ಲೇ ಬಾಗಿಲು ಹಾಕಿತು. ಮೊಜಿಲ್ಲಾದ ಸಹಿ ಇಲ್ಲದ ಆಡ್-ಆನ್‌ಗಳನ್ನು ಮಾಮೂಲಿ ಫೈರ್‌ಫಾಕ್ಸ್ 2016ರಿಂದ ಒಳಗೆ ಸೇರಿಸುತ್ತಿಲ್ಲ. ಹೀಗಾಗಿ ತಾವು ಝಿಪ್ ಆಗಿ, ಜೊತೆಗೊಂದು ವಿಡಿಯೊ ಕಟ್ಟಿಕೊಂಡು ಬಂದಿರಿ. ಝಿಪ್ ಬಿಚ್ಚಿ, ಎಕ್ಸ್‌ಟೆನ್ಷನ್ ಪುಟಕ್ಕೆ ಹೋಗಿ, ಡೆವಲಪರ್ ಮೋಡ್ ಆನ್ ಮಾಡಿ, 'ಲೋಡ್ ಅನ್‌ಪ್ಯಾಕ್ಡ್' ಒತ್ತಿ ಎಂದು ಅದರಲ್ಲಿ ಹೇಳಿಕೊಟ್ಟಿರಿ. ಆ ಗುಂಡಿ ಇರುವುದು ತಾನೇ ಬರೆದ ಪ್ರೋಗ್ರಾಮನ್ನು ತಾನೇ ಪರೀಕ್ಷಿಸುವವನಿಗೆ. ನಮ್ಮ ಹುಡುಗ ಪಿಯುಸಿ ಮುಗಿಸಿ, ಮೌಸಿನ ಒಂದೇ ಒತ್ತಿಗೆ ಡೆವಲಪರ್ ಆದ. ಸರ್ಕಾರದ ಕೌಶಲ್ಯ ತರಬೇತಿ ಕೇಂದ್ರಗಳಿಗೂ ಇಷ್ಟು ಬೇಗ ಆಗದ ಕೆಲಸ ಇದು.

ಈಗ ಭದ್ರತೆಯ ಮಾತು. "ಬೀಗದ ಚಿಹ್ನೆ ಐತಲ್ರೀ, ಬ್ಯಾಂಕಿನ ಸೈಟ್ ಸೇಫ್" ಎಂದು ಹುಡುಗ ವಾದಿಸಿದ. ಬಳ್ಳಾರಿಯವರಿಗೆ ಇದಕ್ಕೆ ಉತ್ತರ ಕೊಡಲು ಪುಸ್ತಕ ಬೇಕಿಲ್ಲ, ತಲೆ ಎತ್ತಿ ಕೋಟೆಯ ಗುಡ್ಡ ನೋಡಿದರೆ ಸಾಕು. ಹೈದರಾಲಿ ಫ್ರೆಂಚ್ ಎಂಜಿನಿಯರನೊಬ್ಬನನ್ನು ಕರೆಸಿ ಮೇಲಿನ ಕೋಟೆ ದುರಸ್ತಿ ಮಾಡಿಸಿದ, ಕೆಳಗಿನದ್ದು ಕಟ್ಟಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಸಿಟ್ಟಿಗೆದ್ದ ನವಾಬ ಆ ಎಂಜಿನಿಯರನನ್ನೇ ಗಲ್ಲಿಗೇರಿಸಿದ ಎಂದು ಊರಿನ ಕಥೆ. ಬ್ಯಾಂಕಿನವರೂ ಅಂಥದೇ ಕೋಟೆ ಕಟ್ಟಿದ್ದಾರೆ: ಪಾಸ್‌ವರ್ಡ್, ಓಟಿಪಿ, ಬೀಗದ ಚಿಹ್ನೆ. ಆ ಬೀಗ ಕಾಯುವುದು ಬ್ರೌಸರಿನಿಂದ ಬ್ಯಾಂಕಿನವರೆಗಿನ ದಾರಿಯನ್ನು. ತಾವು ದಾರಿಯಲ್ಲಿಲ್ಲ. ಬ್ರೌಸರಿನ ಒಳಗೇ, ಗೂಢಲಿಪಿ ಬಿಚ್ಚಿ ಪುಟ ಓದಲು ಬರುವಂತಾದ ಜಾಗದಲ್ಲೇ, ಕುಂಬಾರ ಗುಡ್ಡವಾಗಿ ಕುಳಿತಿದ್ದೀರಿ. ಅಲ್ಲಿಂದ ಹುಡುಗ ಟೈಪ್ ಮಾಡುವ ಪಾಸ್‌ವರ್ಡೂ ಕಾಣುತ್ತದೆ, ಓಟಿಪಿಯೂ ಕಾಣುತ್ತದೆ. ಪುಟದಲ್ಲಿ ಕಾಣುವ ಖಾತೆ ನಂಬರನ್ನು ಬದಲಿಸಿ ತೋರಿಸುವುದಕ್ಕೂ ಬರುತ್ತದೆ. ಅಂದಿಗೂ ಇಂದಿಗೂ ಇರುವ ವ್ಯತ್ಯಾಸ ಇಷ್ಟೇ: ಈಗ ಎಂಜಿನಿಯರ್ ಬದುಕಿರುತ್ತಾನೆ, ಗಲ್ಲಿಗೇರುವುದು ತೆಕ್ಕಲಕೋಟೆ ಅಜ್ಜಿಯ ಪಾಸ್‌ಬುಕ್.

ಆದ್ದರಿಂದ ಆ ಅಜ್ಜಿಯನ್ನು ಕೇಳುವಂತೆ ತಮ್ಮನ್ನೂ ಕೇಳುವುದೆಂದು ತೀರ್ಮಾನವಾಯಿತು. ಕೇಳುವುದು ಕಷ್ಟವೇನಲ್ಲ. ಕ್ರೋಮಿನ ಸಿಆರ್‌ಎಕ್ಸ್ ಫೈಲಾಗಲಿ, ಫೈರ್‌ಫಾಕ್ಸಿನ ಎಕ್ಸ್‌ಪಿಐ ಆಗಲಿ, ಒಳಗೆ ಇರುವುದು ಝಿಪ್ಪೇ. ಬ್ರೌಸರಿಗೆ ಹಾಕದೆ ಸುಮ್ಮನೆ ಬೇರೆ ಫೋಲ್ಡರಿಗೆ ಬಿಚ್ಚಿಟ್ಟರೆ ತಾವು ಮಲಗೇ ಇರುತ್ತೀರಿ. ಒಳಗೆ ಇಎಕ್ಸ್‌ಇ ಫೈಲೊಂದು ಕಂಡರೆ ಅಲ್ಲಿಗೇ ಸಂದರ್ಶನ ಮುಗಿಸಿ ಕಳಿಸಬಹುದು, ಟಿಕೆಟ್ ಫಾರಂ ತುಂಬುವವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಕಾಣದಿದ್ದರೆ 'ಮ್ಯಾನಿಫೆಸ್ಟ್ ಡಾಟ್ ಜೇಸನ್' ಎಂಬ ಚಿಕ್ಕ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಬೇಕು. ಅದಿಲ್ಲದೆ ಯಾವ ಎಕ್ಸ್‌ಟೆನ್ಷನ್ನೂ ಹುಟ್ಟುವುದಿಲ್ಲ. ತಮಗೆ ಏನೇನು ಬೇಕು ಎಂದು ತಾವೇ ಬರೆದುಕೊಟ್ಟ ಬೇಡಿಕೆ ಪಟ್ಟಿ ಅದು. ಅದರಲ್ಲಿ ಸುಳ್ಳು ಬರೆದರೆ ನಷ್ಟ ತಮಗೇ, ಯಾಕೆಂದರೆ ಪಟ್ಟಿಯಲ್ಲಿ ಕೇಳದ್ದನ್ನು ಬ್ರೌಸರ್ ಕೊಡುವುದಿಲ್ಲ. ಐಕಾನು, ನಕ್ಷತ್ರ, ಹೊಗಳಿಕೆ ಎಲ್ಲ ಕೊಂಡುಕೊಳ್ಳಲು ಸಿಗುತ್ತವೆ. ಈ ಒಂದು ಕಾಗದ ಮಾತ್ರ ನಿಜ ಹೇಳುತ್ತದೆ.

ತಮ್ಮ ಪಟ್ಟಿ ಓದಿದೆ. ಐಆರ್‌ಸಿಟಿಸಿಯ ಫಾರಂ ತುಂಬುವವರಿಗೆ ಐಆರ್‌ಸಿಟಿಸಿಯ ಒಂದು ವಿಳಾಸ ಸಾಕು. ತಾವು ಬರೆದಿರುವುದು 'ಆಲ್ ಯುಆರ್‌ಎಲ್ಸ್', ಅಂದರೆ ಎಲ್ಲ ಸೈಟುಗಳೂ: ಸೇವಾ ಸಿಂಧು, ಭೂಮಿ, ಬ್ಯಾಂಕು, ಜಿಮೇಲು. ಕೆಳಗೆ 'ಕುಕೀಸ್'. ಇದನ್ನು ಹುಡುಗ ಬಿಸ್ಕತ್ತೆಂದು ನಕ್ಕು ಬಿಟ್ಟಿದ್ದ. ಒಮ್ಮೆ ಲಾಗಿನ್ ಆದವನಿಗೆ ಸೈಟು ಕೊಡುವ ಒಳಪ್ರವೇಶದ ಚೀಟಿ ಇರುವುದು ಅದರಲ್ಲೇ. ಚೀಟಿ ಕದ್ದವನಿಗೆ ಎಷ್ಟೋ ಕಡೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಅದರ ಕೆಳಗೆ 'ಕ್ಲಿಪ್‌ಬೋರ್ಡ್ ರೀಡ್', ಕಾಪಿ ಮಾಡಿದ್ದನ್ನೆಲ್ಲ ಓದುವ ಹಕ್ಕು. ಕೊನೆಗೆ 'ಮ್ಯಾನೇಜ್‌ಮೆಂಟ್', ಬೇರೆ ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸುವ ಹಕ್ಕು. ಬಾಡಿಗೆಗೆ ಬಂದವರು ಮಾಲೀಕನ ನಾಯಿಯನ್ನು ಕಟ್ಟಿಹಾಕಲು ಪರವಾನಗಿ ಕೇಳಿದಾಗಲೂ ನಮ್ಮ ಹುಡುಗನಿಗೆ ಅನುಮಾನ ಬರಲಿಲ್ಲ.

ಉಳಿದ ಫೈಲುಗಳಲ್ಲಿ 'ಎಚ್‌ಟಿಟಿಪಿ' ಎಂದು ಹುಡುಕಿದಾಗ ರೈಲ್ವೆಗೆ ಸಂಬಂಧವೇ ಇಲ್ಲದ ಒಂದು ವಿಳಾಸ ಸಿಕ್ಕಿತು. ಸಿಗದಿದ್ದರೂ ತಮಗೆ ಸಚ್ಚಾರಿತ್ರ್ಯ ಪತ್ರ ಕೊಡುತ್ತಿರಲಿಲ್ಲ, ವಿಳಾಸವನ್ನು ಗೋಜಲು ಮಾಡಿ ಅಡಗಿಸುವುದು ತಮ್ಮ ಕುಲಕಸುಬು. ಸಾಚಾ ಎಕ್ಸ್‌ಟೆನ್ಷನ್‌ಗಳಲ್ಲೂ ಕೋಡನ್ನು ಒತ್ತಿ ಒಂದೇ ಸಾಲು ಮಾಡಿರುತ್ತಾರೆ, ಅದು ತಪ್ಪಲ್ಲ. ಬೇಕೆಂದೇ ಅರ್ಥವಾಗದಂತೆ ಕಲಸಿದ ಕೋಡನ್ನು ಮಾತ್ರ ಕ್ರೋಮಿನ ಅಂಗಡಿ 2018ರಿಂದ ನಿಷೇಧಿಸಿದೆ. ಅಂಗಡಿಗೇ ಹೋಗದ ತಮಗೆ ಆ ನಿಷೇಧದ ಬಿಸಿ ತಟ್ಟಿಲ್ಲ.

ಹುಡುಗ ತಮ್ಮ ಪರವಾಗಿ ವೈರಸ್‌ಟೋಟಲ್‌ನ ಫಲಿತಾಂಶ ತೋರಿಸಿದ. ಎಪ್ಪತ್ತರಷ್ಟು ಆಂಟಿವೈರಸ್‌ಗಳ ಮುಂದೆ ಒಂದು ಫೈಲನ್ನು ಒಟ್ಟಿಗೆ ಹಿಡಿಯುವ ಆ ಸೇವೆ ಒಳ್ಳೆಯದೇ. ಅದು ಕೆಂಪು ತೋರಿಸಿದರೆ ನಂಬಬೇಕು. ಹಸಿರು ತೋರಿಸಿದರೆ "ಇವರ ಮೇಲೆ ಇನ್ನೂ ಕೇಸಿಲ್ಲ" ಎಂದಷ್ಟೇ ಅರ್ಥ. ಮೊನ್ನೆ ಹುಟ್ಟಿದವರ ಮೇಲೆ ಕೇಸು ಎಲ್ಲಿಂದ ಬರಬೇಕು? ಅಂದಹಾಗೆ, ಅಲ್ಲಿಗೆ ಹಾಕಿದ ಫೈಲು ಬೇರೆ ಸಂಸ್ಥೆಗಳ ಕೈಗೂ ಹೋಗುತ್ತದೆ. "ಚೆಕ್ ಮಾಡೋಣ" ಎಂದು ಗಿರಾಕಿಗಳ ಆಧಾರ್ ಇರುವ ಫೋಲ್ಡರನ್ನೇ ಝಿಪ್ ಮಾಡಿ ಏರಿಸುವ ಉತ್ಸಾಹಿಗಳು ತಾಲೂಕಿಗೆ ಒಬ್ಬರಾದರೂ ಇರುತ್ತಾರೆ.

"ಹಂಗಾದ್ರ ಅಂಗಡಿಯಿಂದ ತಗೊಂಡ್ರ ಚಿಂತಿ ಇಲ್ಲ" ಎಂದು ಹುಡುಗ ನಿಟ್ಟುಸಿರು ಬಿಟ್ಟಾಗ, ತಮ್ಮ ಕುಲೀನ ಬಂಧುಗಳ ವಿಷಯ ಹೇಳಬೇಕಾಯಿತು. ಬಳಸದ ಟ್ಯಾಬುಗಳನ್ನು ಮಲಗಿಸಿಡುತ್ತಿದ್ದ 'ದಿ ಗ್ರೇಟ್ ಸಸ್ಪೆಂಡರ್' 20 ಲಕ್ಷಕ್ಕೂ ಹೆಚ್ಚು ಜನರಿಗೆ ಬೇಕಾದದ್ದಾಗಿತ್ತು. 2020ರಲ್ಲಿ ಮೂಲ ಕರ್ತೃ ಅದನ್ನು ಅಪರಿಚಿತರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ದುರುದ್ದೇಶದ ತಂತ್ರಾಂಶವೆಂದು ತೆಗೆದುಹಾಕಿತು. ಹೆಸರು ಅದೇ, ಐಕಾನ್ ಅದೇ, ಒಳಗಿನ ಒಡೆಯ ಬೇರೆ. ಪಹಣಿಯಾದರೆ ಖಾತೆ ಬದಲಾವಣೆಗೆ ನೋಟಿಸ್ ಹಚ್ಚುತ್ತಾರೆ, ತಕರಾರಿಗೆ ಅವಕಾಶ ಕೊಡುತ್ತಾರೆ. ಇಲ್ಲಿ ಒಡೆತನ ಬದಲಾದದ್ದನ್ನು ಬಳಸುವವರಿಗೆ ತಿಳಿಸುವ ಪದ್ಧತಿಯೇ ಇರಲಿಲ್ಲ.

ಮಾರದವರ ಗತಿಯೂ ಹೇಳಿಕೊಳ್ಳುವಂತಿಲ್ಲ. 2018ರ ಸೆಪ್ಟೆಂಬರ್ 4ರಂದು 'ಮೆಗಾ' ಕಂಪನಿಯ ಕ್ರೋಮ್ ಎಕ್ಸ್‌ಟೆನ್ಷನ್ ಖಾತೆಗೆ ಕಳ್ಳರು ನುಗ್ಗಿ ನಕಲಿ ಆವೃತ್ತಿ ಏರಿಸಿದರು. ಅಸಲಿಗೆ ಬೇಕಿಲ್ಲದ ಅನುಮತಿಯೊಂದನ್ನು, ಎಲ್ಲ ಸೈಟುಗಳನ್ನು ಓದಿ ಬದಲಿಸುವ ಹಕ್ಕನ್ನು, ಆ ನಕಲಿ ಹೊಸದಾಗಿ ಕೇಳಿತು. ಆ ಪ್ರಶ್ನೆ ನೋಡಿ ಅನುಮಾನಪಟ್ಟು 'ಬೇಡ' ಎಂದವರು ಉಳಿದುಕೊಂಡರು. 2024ರ ಡಿಸೆಂಬರ್ 24ರಂದು ಸೈಬರ್‌ಹೇವನ್ ಎಂಬ ಕಂಪನಿಯ ನೌಕರನೊಬ್ಬ, ಕ್ರೋಮ್ ಅಂಗಡಿಯಿಂದ ಬಂತೆಂಬಂತೆ ಕಾಣುವ ಇಮೇಲ್ ನಂಬಿ ಅನುಮತಿ ಕೊಟ್ಟ. ಕ್ರಿಸ್‌ಮಸ್ ದಿನ ಅವರ ಎಕ್ಸ್‌ಟೆನ್ಷನ್ನೇ ಕಳ್ಳತನಕ್ಕೆ ಇಳಿದಿತ್ತು. ಸುಮಾರು 4 ಲಕ್ಷ ಬಳಕೆದಾರರಿದ್ದ ಆ ಕಂಪನಿಯ ವ್ಯಾಪಾರ ಯಾವುದು ಗೊತ್ತೇ? ದತ್ತಾಂಶದ ರಕ್ಷಣೆ. ನಮ್ಮ ಸರ್ಕಾರದ ಸರ್ಟ್-ಇನ್ ಸಂಸ್ಥೆಯೂ 2020ರಲ್ಲೇ ಎಚ್ಚರಿಸಿತ್ತು: ಗೂಗಲ್ ನೂರಕ್ಕೂ ಹೆಚ್ಚು ಎಕ್ಸ್‌ಟೆನ್ಷನ್‌ಗಳನ್ನು ತೆಗೆದಿದೆ, ಅವು ಪರದೆಯ ಚಿತ್ರ ತೆಗೆಯಬಲ್ಲವು, ಕೀಲಿಮಣೆಯ ಒತ್ತುಗಳನ್ನು ಹಿಡಿಯಬಲ್ಲವು ಎಂದು. ಆ ಎಚ್ಚರಿಕೆಯನ್ನು ಯಾರೂ "ಮಸ್ತ್ ಐತಿ" ಎಂದು ಗ್ರೂಪಿಗೆ ಹಾಕಲಿಲ್ಲ.

ಅಂಗಡಿಯಿಂದ ಬಂದವರನ್ನೂ ಹಾಗಾಗಿ ಹದ್ದುಬಸ್ತಿನಲ್ಲಿಡಬೇಕು. ಕ್ರೋಮಿನಲ್ಲಿ ಪ್ರತಿ ಎಕ್ಸ್‌ಟೆನ್ಷನ್ನಿನ ವಿವರದೊಳಗೆ 'ಕ್ಲಿಕ್ ಮಾಡಿದಾಗ ಮಾತ್ರ' ಅಥವಾ 'ಇಂಥ ಸೈಟುಗಳಲ್ಲಿ ಮಾತ್ರ' ಎಂದು ಕಟ್ಟುವ ಅನುಕೂಲವಿದೆ. ಬ್ಯಾಂಕ್ ಮತ್ತು ಸರ್ಕಾರಿ ಕೆಲಸಕ್ಕೆ ಒಂದೂ ಎಕ್ಸ್‌ಟೆನ್ಷನ್ ಇಲ್ಲದ ಬೇರೆ ಪ್ರೊಫೈಲ್ ಮಾಡಿಕೊಳ್ಳುವುದು ಎರಡು ನಿಮಿಷದ ಕೆಲಸ. ಹುಡುಗನಿಗೆ ಇವೆರಡನ್ನು ತೋರಿಸಿದಾಗ, ಇಷ್ಟು ದಿನ ಬ್ರೌಸರ್ ತನ್ನ ಹತ್ತಿರ ಮುಚ್ಚಿಟ್ಟಿತ್ತು ಎಂಬಂತೆ ಕೋಪ ಮಾಡಿಕೊಂಡ.

ಇನ್ನು ತಾವು ಮಾಡಿಕೊಡುತ್ತೇನೆಂದ ಕೆಲಸ. ಪ್ರಯಾಣಿಕರ ಹೆಸರುಗಳನ್ನು ಮೊದಲೇ ತುಂಬಿಸಿಟ್ಟುಕೊಳ್ಳಲು ಐಆರ್‌ಸಿಟಿಸಿಯಲ್ಲೇ 'ಮಾಸ್ಟರ್ ಲಿಸ್ಟ್' ಇದೆ, ಪುಕ್ಕಟೆ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲಿಗೆ ಆಧಾರ್ ದೃಢೀಕರಣ ಕಡ್ಡಾಯವಾಗಿದೆ. ಅಧಿಕೃತ ಏಜೆಂಟರಿಗೂ ಮೊದಲ ಅರ್ಧ ಗಂಟೆ ತತ್ಕಾಲ್ ತೆರೆಯದಂತೆ ಮಾಡಿದರು. ತಾವು ಎಷ್ಟೇ ವೇಗವಾಗಿ ಫಾರಂ ತುಂಬಿದರೂ ಓಟಿಪಿ ಬರುವುದು ಖಾತೆದಾರನ ಫೋನಿಗೆ. ತಮ್ಮ ಹಿರಿಯರೊಬ್ಬರು 2020ರಲ್ಲಿ 'ರಿಯಲ್ ಮ್ಯಾಂಗೊ' ಎಂಬ ಹೆಸರಿನಿಂದ ಕ್ಯಾಪ್ಚಾ ದಾಟಿ ಟಿಕೆಟ್ ಬಾಚುತ್ತಿದ್ದರು; ರೈಲ್ವೆ ರಕ್ಷಣಾ ದಳ ಆ ಜಾಲದ ಐವತ್ತರಷ್ಟು ಮಂದಿಯನ್ನು ಹಿಡಿಯಿತು. ಅನುಮತಿ ಇಲ್ಲದೆ ಟಿಕೆಟ್ ಕೊಡಿಸುವ ವ್ಯಾಪಾರಕ್ಕೆ 1989ರ ರೈಲ್ವೆ ಕಾಯ್ದೆಯ 143ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಸಿಕ್ಕಿಬಿದ್ದ ದಿನ ಕೌಂಟರಿನ ಹಿಂದೆ ಕುಳಿತಿರುವವನು ಹುಡುಗ. ತಾವು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತಣ್ಣಗೆ ಇರುತ್ತೀರಿ.

ಮೇಲಿನ ಕಾರಣಗಳಿಂದ ತಮ್ಮ ಬಗ್ಗೆ ಕೈಗೊಂಡ ಕ್ರಮಗಳನ್ನು ಈ ಕೆಳಗೆ ತಿಳಿಸಲಾಗಿದೆ. ತಮ್ಮನ್ನು ಬ್ರೌಸರಿನಿಂದ ತೆಗೆದು, ಬಿಚ್ಚಿಟ್ಟ ಫೋಲ್ಡರನ್ನೂ ಅಳಿಸಲಾಗಿದೆ. ಡೆವಲಪರ್ ಮೋಡ್ ಆಫ್ ಆಗಿದೆ, ಹುಡುಗ ಮತ್ತೆ ಪಿಯುಸಿಗೆ ಇಳಿದಿದ್ದಾನೆ. ಎಲ್ಲ ಸೈಟುಗಳಲ್ಲೂ 'ಎಲ್ಲ ಸಾಧನಗಳಿಂದ ಲಾಗ್ ಔಟ್' ಕೊಟ್ಟು ಹಳೆಯ ಚೀಟಿಗಳನ್ನು ರದ್ದುಗೊಳಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿದೆ. ಅದೂ ಬೇರೆ ಕಂಪ್ಯೂಟರಿನಿಂದ, ಯಾಕೆಂದರೆ ತಾವು ಹೋಗುವಾಗ ಬೇರೆ ಯಾರನ್ನಾದರೂ ಬಿಟ್ಟು ಹೋಗಿದ್ದೀರೋ ಗೊತ್ತಿಲ್ಲ. ಯಾರ ಖಾತೆಯಿಂದಾದರೂ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕೆಂದು ಕೌಂಟರಿನ ಗಾಜಿಗೆ ಚೀಟಿ ಅಂಟಿಸಿದೆ.

ತಮಗೆ ಈ ಕ್ರಮದ ಬಗ್ಗೆ ತಕರಾರಿದ್ದಲ್ಲಿ ತಯಾರಕರ ಹೆಸರು, ವಿಳಾಸ, 'ಆಲ್ ಯುಆರ್‌ಎಲ್ಸ್' ಯಾಕೆ ಬೇಕಾಯಿತು ಎಂಬ ವಿವರಣೆ ಮತ್ತು ಎರಡು ಫೋಟೋಗಳೊಂದಿಗೆ ಕಚೇರಿ ವೇಳೆಯಲ್ಲಿ ಖುದ್ದಾಗಿ ಹಾಜರಾಗಬಹುದು. ಬರುವಾಗ ಊಟ ಕಟ್ಟಿಕೊಂಡು ಬನ್ನಿ, ಸರ್ವರ್ ಬಿಜಿ ಇರುತ್ತದೆ.

ಇತಿ,
ಬಳ್ಳಾರಿಯ ಒಬ್ಬ ಗಿರಾಕಿ